ಬೇಸಿಗೆಯಲ್ಲೂ ನಿಲ್ಲುವ ಸ್ವಾವಲಂಬನೆ: ಬಯಲುಸೀಮೆಯ ಮನೆಗೆ ಯಾವುದು ಮೊದಲು, ಯಾವುದು ಆಮೇಲೆ

ಮನೆಗೆ ಬೇಕಾದದ್ದರಲ್ಲಿ ಒಂದಷ್ಟನ್ನಾದರೂ ಮನೆಯಲ್ಲೇ ಮಾಡಿಕೊಳ್ಳಬೇಕೆಂದು ಮನಸ್ಸು ಮಾಡಿದವರು ಸಾಮಾನ್ಯವಾಗಿ ಜುಲೈ, ಆಗಸ್ಟ್ ತಿಂಗಳಲ್ಲಿ ಕೆಲಸಕ್ಕೆ ಕೈ ಹಾಕುತ್ತಾರೆ. ಆಗ ನೆಲ ಹಸಿಯಾಗಿರುತ್ತದೆ, ಹಾಕಿದ ಬೀಜವೆಲ್ಲ ಮೊಳೆಯುತ್ತದೆ, ದಾರಿಯ ಬದಿಯಲ್ಲೆಲ್ಲ ಹಸಿ ಮೇವು ಸಿಗುತ್ತದೆ; ಆದ್ದರಿಂದ ಎಮ್ಮೆ ಕಟ್ಟುವುದೂ ಕೈತೋಟ ಮಾಡುವುದೂ ಅಂಥ ಕಷ್ಟದ ಕೆಲಸಗಳೆಂದು ತೋರುವುದಿಲ್ಲ. ಯುಗಾದಿ ಕಳೆದು ಕೊಳವೆಬಾವಿಯ ನೀರು ಎರಡು ದಿನಕ್ಕೊಮ್ಮೆ ಬರತೊಡಗಿದಾಗ, ಮಧ್ಯಾಹ್ನದ ಬಿಸಿಲು 40 ಡಿಗ್ರಿಯನ್ನು ದಾಟಿದಾಗ, ಅದೇ ಕೆಲಸಗಳು ಮನೆಯವರ ಮೈಮೇಲೆ ಬೀಳುತ್ತವೆ. ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನ ನಮ್ಮ ಊರಿನಲ್ಲಿ ಹೀಗೆ ಮಳೆಗಾಲದಲ್ಲಿ ಆರಂಭವಾಗಿ ಮೇ ತಿಂಗಳಲ್ಲಿ ಕೈಬಿಟ್ಟ ಪ್ರಯತ್ನಗಳನ್ನು ನಾನು ಅನೇಕ ಮನೆಗಳಲ್ಲಿ ಕಂಡಿದ್ದೇನೆ. ಅವುಗಳಲ್ಲಿ ಎರಡು ನಮ್ಮ ಮನೆಯವೇ ಆಗಿವೆ.

ಆದ್ದರಿಂದ ಈ ಹೋಲಿಕೆಯಲ್ಲಿ ಪ್ರತಿ ಆಯ್ಕೆಯನ್ನೂ ನಾನು ಮೇ ತಿಂಗಳಲ್ಲಿ ನಿಲ್ಲಿಸಿ ನೋಡುತ್ತೇನೆ. ಆ ತಿಂಗಳಲ್ಲಿ ಅದು ದಿನಕ್ಕೆ ಎಷ್ಟು ಕೊಡ ನೀರು ಬೇಡುತ್ತದೆ, ಮನೆಯಲ್ಲಿ ಯಾರ ಕೈಯಿಂದ ಎಷ್ಟು ಹೊತ್ತಿನ ಕೆಲಸವನ್ನು ಬೇಡುತ್ತದೆ, ಮದುವೆಗೋ ಜಾತ್ರೆಗೋ ಎಲ್ಲರೂ ಮೂರು ದಿನ ಊರು ಬಿಟ್ಟರೆ ಅದರ ಗತಿಯೇನು ಎಂಬ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೆ ಹಣದ ಲೆಕ್ಕ ಹಾಕಿದರೆ ಸಾಕು. ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರೂ ಜಿಲ್ಲೆಗಳಲ್ಲಿ ವರ್ಷಕ್ಕೆ ಬೀಳುವ ಮಳೆ ಸರಿಸುಮಾರು 600 ಮಿಲಿಮೀಟರ್; ಅದರ ಹೆಚ್ಚಿನ ಭಾಗ ಜೂನ್‌ನಿಂದ ಅಕ್ಟೋಬರ್‌ವರೆಗೆ ಬಂದು ಮುಗಿಯುತ್ತದೆ. ಉಳಿದ ಏಳು ತಿಂಗಳನ್ನು ಕೂಡಿಟ್ಟದ್ದರಲ್ಲಿ ಕಳೆಯಬೇಕಾದ ನಾಡಿನಲ್ಲಿ ಮಲೆನಾಡಿನ ಮನೆಯ ಮಾದರಿ ನಡೆಯುವುದಿಲ್ಲ.

ಕುಡಿಯುವ ನೀರು

ನನ್ನ ಅಭಿಪ್ರಾಯದಲ್ಲಿ ಮೊದಲ ಹಣವೂ ಮೊದಲ ಶ್ರಮವೂ ಇದಕ್ಕೇ ಹೋಗಬೇಕು. ನಮ್ಮ ಜಿಲ್ಲೆಗಳ ಅನೇಕ ಊರುಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಇದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು. ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ಇದಕ್ಕಿಂತ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳು ಮೂಡುತ್ತವೆ, ಹಿರಿಯರ ಮೊಣಕಾಲು, ಸೊಂಟ ಬಿಗಿಯುತ್ತವೆ. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿಯ ಸುತ್ತಲ ಅಂತರ್ಜಲದಲ್ಲಿ ಆರ್ಸೆನಿಕ್ ಇರುವುದನ್ನೂ ಅಧ್ಯಯನಗಳು ದಾಖಲಿಸಿವೆ. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ; ಆವಿಯಾದಷ್ಟು ನೀರು ಕಡಿಮೆಯಾಗಿ ಫ್ಲೋರೈಡಿನ ಸಾಂದ್ರತೆ ಇನ್ನಷ್ಟು ಏರುತ್ತದೆ. ಈ ಮಾತನ್ನು ನಾನು ಒತ್ತಿ ಹೇಳಲು ಕಾರಣ, ಕುದಿಸಿದ ನೀರು ಎಲ್ಲಕ್ಕೂ ಮದ್ದೆಂದು ನಂಬಿ ನಮ್ಮ ಮನೆಯಲ್ಲೂ ಬಹಳ ವರ್ಷ ಹಾಗೆಯೇ ನಡೆದಿತ್ತು.

ಸಾಮಾನ್ಯ ಮನೆಯ ಮುಂದಿರುವ ದಾರಿಗಳು ಮೂರು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳುವುದು ಅಗ್ಗವಾದದ್ದು, ಮನೆಯಲ್ಲಿ ಯಾವ ಯಂತ್ರವೂ ಬೇಡದ ದಾರಿ. ಆದರೆ ಯಂತ್ರ ಕೆಟ್ಟ ದಿನ, ಕೊಳವೆಬಾವಿ ಬತ್ತಿದ ದಿನ ಇಡೀ ಊರು ಒಟ್ಟಿಗೆ ನೀರಿಲ್ಲದೆ ನಿಲ್ಲುತ್ತದೆ, ಮತ್ತು ಹೀಗಾಗುವುದು ಬೇಸಿಗೆಯಲ್ಲೇ ಹೆಚ್ಚು. ಮನೆಯಲ್ಲಿ ಆರ್‌ಒ ಯಂತ್ರ ಕೂರಿಸಿದರೆ ಫ್ಲೋರೈಡ್ ತೆಗೆಯುವುದು ನಿಜ. ಆದರೆ ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ನೀರು ಹೊರಗೆ ಹರಿದುಹೋಗುತ್ತದೆ. ಕೊಡ ಹೊತ್ತು ನೀರು ತರುವ ತಿಂಗಳಲ್ಲಿ ಆ ಹರಿವನ್ನು ಕಂಡು ಯಾವ ಗೃಹಿಣಿಗೂ ಸಮಾಧಾನವಿರುವುದಿಲ್ಲ. ಅದಕ್ಕೆ ಕರೆಂಟು ಬೇಕು, ಕಾಲಕಾಲಕ್ಕೆ ಪೊರೆ ಬದಲಿಸಬೇಕು, ಬದಲಿಸುವವರು ತಾಲ್ಲೂಕು ಕೇಂದ್ರದಿಂದ ಬರಬೇಕು.

ಮೂರನೆಯ ದಾರಿ ಮಾಳಿಗೆಯ ಮಳೆನೀರು. ಮಳೆನೀರಿನಲ್ಲಿ ಫ್ಲೋರೈಡಿನ ತೊಂದರೆ ಇರುವುದಿಲ್ಲ, ಏಕೆಂದರೆ ಅದು ಭೂಮಿಯೊಳಗಿನ ಕಲ್ಲಿನ ಪದರಗಳನ್ನು ಮುಟ್ಟಿಯೇ ಇರುವುದಿಲ್ಲ. ಇಷ್ಟು ಕಡಿಮೆ ಮಳೆಯ ಸೀಮೆಯಲ್ಲಿ ಅದು ಸಾಲುವುದೇ ಎಂಬ ಸಂಶಯ ಸಹಜವಾದದ್ದು; ಲೆಕ್ಕ ಹಾಕಿದರೆ ಸಂಶಯ ತಾನಾಗಿ ಕರಗುತ್ತದೆ. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. 1,000 ಚದರ ಅಡಿಯ ಮಾಳಿಗೆ ಸುಮಾರು 93 ಚದರ ಮೀಟರ್. 600 ಮಿಲಿಮೀಟರ್ ಮಳೆಯಲ್ಲಿ ಐದರಲ್ಲೊಂದು ಪಾಲು ಆವಿಯಾಗಿ, ತೊಳೆದು ಹೋಯಿತೆಂದು ಬಿಟ್ಟರೂ ಸುಮಾರು 44,000 ಲೀಟರ್ ಕೈಗೆ ಸಿಗುತ್ತದೆ. 350 ಮಿಲಿಮೀಟರಿಗೆ ಮಳೆ ನಿಂತ ಬರದ ವರ್ಷದಲ್ಲೂ 26,000 ಲೀಟರ್ ಬರುತ್ತದೆ. ನಾಲ್ಕು ಜನರಿಗೆ ಕುಡಿಯಲು, ಅಡುಗೆಗೆ ದಿನಕ್ಕೆ 30 ಲೀಟರ್ ಎಂದರೆ ವರ್ಷಕ್ಕೆ ಬೇಕಾದದ್ದು 11,000 ಲೀಟರ್ ಮಾತ್ರ. ನವೆಂಬರ್‌ನಿಂದ ಮೇ ಕೊನೆಯವರೆಗಿನ ಒಣ ದಿನಗಳಿಗೆ 6,400 ಲೀಟರ್ ಸಾಕು. ಮೃಗಶಿರ ಮಳೆ ತಡವಾಗಬಹುದೆಂದು ಮುಂಗಂಡು 10,000 ಲೀಟರಿನ ತೊಟ್ಟಿ ಕಟ್ಟಿಸಿದರೆ ನಾಲ್ವರ ಮನೆ ನಿಶ್ಚಿಂತೆಯಿಂದಿರಬಹುದು. ಹುಬ್ಬ ಮತ್ತು ಉತ್ತರೆ ಮಳೆಗಳಲ್ಲಿ ಸೆಪ್ಟೆಂಬರಿನಲ್ಲಿ ತುಂಬಿದ ತೊಟ್ಟಿಯನ್ನು ದೀಪಾವಳಿಯ ಹೊತ್ತಿಗೆ ಮುಚ್ಚಿ, ಬೀಗ ಹಾಕಿ ಇಟ್ಟುಬಿಟ್ಟರೆ ಅದಕ್ಕೆ ದಿನನಿತ್ಯದ ಕೆಲಸವೇನೂ ಇರುವುದಿಲ್ಲ. ನೀವು ಮೂರು ದಿನವಲ್ಲ, ಮೂರು ವಾರ ಊರಿನಲ್ಲಿರದಿದ್ದರೂ ನೀರು ಅಲ್ಲೇ ಇರುತ್ತದೆ.

ತೊಟ್ಟಿಯ ಬಗೆಯನ್ನು ಆರಿಸುವಾಗ ಕಾಲ ಕೆಳಗಿನ ಮಣ್ಣನ್ನು ನೋಡಲೇಬೇಕು. ಎರೆಮಣ್ಣು, ಅಂದರೆ ಕಪ್ಪು ಮಣ್ಣು, ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರುಕು ಬಿಡುತ್ತದೆ. ನಾವು ಮೊದಲು ಕಟ್ಟಿಸಿದ ಇಟ್ಟಿಗೆಯ ಸಂಪು ಮೂರನೆಯ ಬೇಸಿಗೆಯಲ್ಲಿ ಮೂಲೆಯಿಂದ ಮೂಲೆಗೆ ಸೀಳಿತು. ಗುಂಡಿಯ ಸುತ್ತ ಎರೆಯನ್ನು ತೆಗೆದು ಮರಳು, ಗರಸು ತುಂಬಿಸಬೇಕಿತ್ತೆಂಬುದು ಕಟ್ಟಿದ ಮೇಸ್ತ್ರಿಗೂ ತಿಳಿದಿರಲಿಲ್ಲ, ನಮಗೂ ತಿಳಿದಿರಲಿಲ್ಲ. ಕೂಡಿಟ್ಟ ನೀರೆಲ್ಲ ಏಪ್ರಿಲ್ ತಿಂಗಳಲ್ಲಿ ಇಂಗಿಹೋದದ್ದನ್ನು ಕಂಡ ದಿನ ನನ್ನ ಅತ್ತೆಯವರು ಊಟ ಮಾಡಲಿಲ್ಲ. ಎರೆಭೂಮಿಯಲ್ಲಿ ಮನೆ ಇರುವವರು ನೆಲದ ಮೇಲೆ ಗಟ್ಟಿ ಕಟ್ಟೆ ಹಾಕಿಸಿ, ಕಬ್ಬಿಣದ ಜಾಲರಿಗೆ ಸಿಮೆಂಟ್ ಗಾರೆ ಬಳಿದು ಮಾಡುವ ಫೆರೋಸಿಮೆಂಟ್ ತೊಟ್ಟಿಯನ್ನೋ, ಹಣ ಕಡಿಮೆಯಿದ್ದರೆ ಎರಡು ದೊಡ್ಡ ಪ್ಲಾಸ್ಟಿಕ್ ಟ್ಯಾಂಕುಗಳನ್ನೋ ಇಟ್ಟುಕೊಳ್ಳುವುದು ಲೇಸು. ಮಸಾರಿಯ ಕೆಂಪು ನೆಲ, ಗರಸು ನೆಲ ಇರುವವರಿಗೆ ಸಂಪು ಹೊಂದುತ್ತದೆ. ಅದರಲ್ಲಿ ನೀರು ತಂಪಾಗಿಯೂ ಇರುತ್ತದೆ. ಯಾವ ತೊಟ್ಟಿಯಾದರೂ ಬೆಳಕು ಒಳಗೆ ಹೋಗದಂತೆ ಮುಚ್ಚಳವಿರಬೇಕು, ನೀರು ಹೋಗುವ ಬರುವ ಬಾಯಿಗಳಿಗೆ ಸೊಳ್ಳೆ ಹೋಗದಂಥ ಜಾಲರಿ ಇರಬೇಕು, ಪ್ರತಿ ಹಂಗಾಮಿನ ಮೊದಲ ಮಳೆಯ ನೀರನ್ನು ತೊಟ್ಟಿಗೆ ಬಿಡದೆ ಹೊರಗೆ ಹರಿಸುವ ಕೊಳವೆಯೂ ಇರಬೇಕು. ಕುಡಿಯುವಷ್ಟನ್ನು ಕುದಿಸಿ ಆರಿಸಿಕೊಳ್ಳಬೇಕು. ಈ ನೀರಿಗೆ ಕುದಿಸುವುದೇ ಸರಿಯಾದ ಮದ್ದು.

ಒಂದು ಕಡೆ ಮಾತ್ರ ಮಳೆನೀರನ್ನು ಕುಡಿಯಲು ನಾನು ಶಿಫಾರಸು ಮಾಡುವುದಿಲ್ಲ. ಕುಡಿತಿನಿ, ಶಕ್ತಿನಗರ, ಗಿಣಿಗೇರಿಗಳಂಥ ಕೈಗಾರಿಕೆಯ ಊರುಗಳ ಹತ್ತಿರ, ಅದಿರಿನ ಲಾರಿಗಳು ಓಡಾಡುವ ರಸ್ತೆಯ ಬದಿಯಲ್ಲಿ ಮಾಳಿಗೆಯ ಮೇಲೆ ಕೂರುವ ಬೂದಿ, ದೂಳು ಒಂದು ಮಳೆಗೆ ತೊಳೆದು ಹೋಗುವಂಥದ್ದಲ್ಲ. ಅಲ್ಲಿಯವರು ಮಳೆನೀರನ್ನು ಬಟ್ಟೆ, ಪಾತ್ರೆ, ಗಿಡಗಳಿಗೆ ಇಟ್ಟುಕೊಂಡು ಕುಡಿಯಲು ಘಟಕದ ನೀರನ್ನೇ ತರುವುದು ಒಳ್ಳೆಯದು.

ಕಾಳುಕಡಿ

ನೀರಿನ ನಂತರದ ಸ್ಥಾನ ತೋಟಕ್ಕಲ್ಲ, ಕಾಳಿನ ಡ್ರಮ್ಮಿಗೆ. ತರಕಾರಿಯಿಲ್ಲದೆ ನಾಲ್ಕು ದಿನ ಚಟ್ನಿಪುಡಿ, ಶೇಂಗಾ ಚಟ್ನಿಯಲ್ಲಿ ಊಟ ಸಾಗುತ್ತದೆ. ಜೋಳವಿಲ್ಲದ ಮನೆಯಲ್ಲಿ ಒಲೆಯೇ ಹೊತ್ತುವುದಿಲ್ಲ. ದಿನಕ್ಕೆ ಎರಡು ಹೊತ್ತು ರೊಟ್ಟಿ ಉಣ್ಣುವ ನಾಲ್ವರ ಮನೆಗೆ ವರ್ಷಕ್ಕೆ ಸುಮಾರು ಮೂರು ಕ್ವಿಂಟಾಲ್ ಬಿಳಿಜೋಳ ಬೇಕು. ಅದನ್ನು ಸ್ವಂತ ಹೊಲದಲ್ಲಿ ಬೆಳೆದುಕೊಳ್ಳಬಹುದು, ಸುಗ್ಗಿಯಲ್ಲಿ ಗುರುತಿನ ರೈತರಿಂದ ಒಟ್ಟಿಗೆ ಕೊಳ್ಳಬಹುದು, ಅಥವಾ ಅಂಗಡಿಯಿಂದ ತಿಂಗಳಿಗೆ ಇಷ್ಟೆಂದು ತರಬಹುದು.

ಎರೆಹೊಲ ಇದ್ದವರಿಗೆ ಹಿಂಗಾರಿ ಜೋಳದಷ್ಟು ಸುಲಭವಾಗಿ ಒಲಿಯುವ ಬೆಳೆ ಮತ್ತೊಂದಿಲ್ಲವೆಂದೇ ಹೇಳಬೇಕು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ ಮಾಲದಂಡಿ ತಳಿಯ ಜೋಳ ಮಣ್ಣಿನೊಳಗೆ ಉಳಿದ ಹಸಿಯನ್ನೇ ಕುಡಿದು, ಚಳಿಯ ಇಬ್ಬನಿಯಲ್ಲಿ ತೆನೆಗಟ್ಟಿ, ಬಿಸಿಲು ಏರುವ ಮೊದಲೇ ಮನೆಗೆ ಬರುತ್ತದೆ; ಮೇ ತಿಂಗಳ ಪರೀಕ್ಷೆಗೆ ಅದು ಕೂರುವುದೇ ಇಲ್ಲ. ಮಳೆಯಾಶ್ರಿತ ಒಂದು ಎಕರೆಯಲ್ಲಿ ಮೂರರಿಂದ ಐದು ಕ್ವಿಂಟಾಲ್ ಬಂದರೆ ಮನೆಯ ವರ್ಷದ ರೊಟ್ಟಿ ಅಲ್ಲಿಗೆ ಮುಗಿಯಿತು, ದನವಿದ್ದವರಿಗೆ ಕಣಿಕೆ, ಅಂದರೆ ಒಣ ದಂಟಿನ ಮೇವು, ಬೇರೆ ಸಿಗುತ್ತದೆ. ಬೀಜಕ್ಕಾಗಿ ಪ್ರತಿ ವರ್ಷ ಅಂಗಡಿಗೆ ಹೋಗಬೇಕಾಗಿಲ್ಲ. ಒಳ್ಳೆಯ ತೆನೆಗಳನ್ನು ಆರಿಸಿ, ಕಾಳನ್ನು ಬೂದಿಯಲ್ಲಿ ಬೆರೆಸಿ ಇಟ್ಟರೆ ಮುಂದಿನ ಹಂಗಾಮಿಗೆ ಬೀಜ ಸಿದ್ಧವಾಗಿರುತ್ತದೆ. ಭತ್ತದ ಕಥೆ ಬೇರೆ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಗದ್ದೆಗಳು ಕಾಲುವೆಯನ್ನು ನಂಬಿವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದಾಗ ಈ ನಂಬಿಕೆಯ ಮೇಲೆ ಎಷ್ಟು ಅನ್ನದ ತಟ್ಟೆಗಳು ನಿಂತಿವೆ ಎಂಬುದು ನಮಗೆಲ್ಲ ಅರಿವಾಯಿತು. ಅಕ್ಕಿಯನ್ನು ಚೀಲದಲ್ಲಿ ಕೊಂಡು, ಜೋಳವನ್ನು ಮನೆಯ ಆಧಾರವಾಗಿ ಇಟ್ಟುಕೊಳ್ಳುವುದು ನಮ್ಮ ನೆಲಕ್ಕೆ ಒಪ್ಪುತ್ತದೆ.

ಹೊಲವಿಲ್ಲದವರು ಫೆಬ್ರವರಿ, ಮಾರ್ಚಿನಲ್ಲಿ ರಾಶಿಯಾಗುವಾಗ ಕಣದಲ್ಲೇ ಕೊಳ್ಳುವುದನ್ನು ನಾನು ತಿಂಗಳ ಖರೀದಿಗಿಂತ ಬಹಳ ಮೇಲೆಂದು ಭಾವಿಸುತ್ತೇನೆ. ಬೆಲೆ ಆಗ ಇಳಿದಿರುತ್ತದೆ, ಕಾಳು ಹೊಸದಾಗಿರುತ್ತದೆ, ಯಾರ ಹೊಲದ್ದೆಂಬುದು ಗೊತ್ತಿರುತ್ತದೆ. ಆದರೆ ಕೊಂಡದ್ದನ್ನು ಕಾಯುವ ಕಲೆ ಬರಬೇಕು. ಹಿಂದಿನವರು ನೆಲದೊಳಗೆ ಹಗೇವು ತೋಡಿ ವರ್ಷಗಟ್ಟಲೆ ಜೋಳ ಇಡುತ್ತಿದ್ದರು. ಗಾಳಿಯಾಡದ ಆ ಕತ್ತಲಲ್ಲಿ ಹುಳು ಬದುಕುತ್ತಿರಲಿಲ್ಲ. ಮೂರು ಕ್ವಿಂಟಾಲಿಗಾಗಿ ಇಂದು ಹಗೇವು ತೋಡುವ ಅಗತ್ಯವಿಲ್ಲ. ಗೋಣಿಚೀಲ, ತಗಡಿನ ಡ್ರಮ್ಮು, ಗಾಳಿಯಾಡದ ದಪ್ಪ ಪ್ಲಾಸ್ಟಿಕ್ ಒಳಚೀಲ ಈ ಮೂರರಲ್ಲಿ ಗೋಣಿಚೀಲವನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಆಷಾಢದ ತೇವಕ್ಕೆ ಅದರಲ್ಲಿ ನುಸಿ ಬೀಳದ ವರ್ಷವನ್ನು ನಾನು ನೋಡಿಲ್ಲ. ತಗಡಿನ ಡ್ರಮ್ಮು ಇಲಿಯಿಂದ ಕಾಯುತ್ತದೆ, ಒಳಚೀಲ ಹುಳುವಿನಿಂದ ಕಾಯುತ್ತದೆ. ಒಳಚೀಲದಲ್ಲಿ ತುಂಬಿ, ಬಾಯಿ ಬಿಗಿದು, ಡ್ರಮ್ಮಿನೊಳಗೆ ಇಡುವುದೇ ನನ್ನ ಕ್ರಮ. ಅದಕ್ಕೂ ಮುಂಚೆ ಕಾಳನ್ನು ಮೂರು ದಿನ ಮಾರ್ಚಿನ ಬಿಸಿಲಿಗೆ ಹರವಿ, ಹಲ್ಲಿಗೆ ಹಾಕಿ ಕಡಿದರೆ ಕಟ್ಟೆಂದು ಒಡೆಯುವಷ್ಟು ಒಣಗಿಸಬೇಕು. ಬಿಸಿಲಿನಿಂದ ತಂದ ಬಿಸಿ ಕಾಳನ್ನು ಕೂಡಲೇ ತುಂಬಬಾರದು. ರಾತ್ರಿಯೆಲ್ಲ ಮನೆಯೊಳಗೆ ಆರಲು ಬಿಟ್ಟು ಬೆಳಿಗ್ಗೆ ತುಂಬಬೇಕು, ಇಲ್ಲವಾದರೆ ಒಳಗೆ ಬೆವರು ಕಟ್ಟಿ ಬೂಷ್ಟು ಬರುತ್ತದೆ. ತೊಗರಿ, ಹೆಸರು, ಕಡಲೆಗಳು ಇಡಿ ಕಾಳಾಗಿದ್ದರೆ ಬೇಗ ತೂತು ಬೀಳುತ್ತವೆ, ಬೇಳೆಯಾದ ಮೇಲೆ ಆ ಕಾಟ ಕಡಿಮೆ. ಇಡಿ ಕಾಳನ್ನೇ ಇಡುವವರು ಹರಳೆಣ್ಣೆಯನ್ನು ಅಂಗೈಗೆ ಸವರಿಕೊಂಡು ಕಾಳಿಗೆ ತಿಕ್ಕಿದರೆ ಸಾಕು.

ಮನೆಯಲ್ಲೇ ಬೀಸುವ ಚಿಕ್ಕ ಗಿರಣಿ ಕೊಳ್ಳಬೇಕೇ ಎಂದು ಅನೇಕರು ಕೇಳುತ್ತಾರೆ. ಓಣಿಯಲ್ಲಿ ಗಿರಣಿ ಇರುವವರಿಗೆ ಅದು ಬೇಡ. ಜೋಳದ ಹಿಟ್ಟು ಹಳತಾದಷ್ಟೂ ಜಿಗಿ ಕಳೆದುಕೊಂಡು ರೊಟ್ಟಿ ಬಡಿಯುವಾಗ ಬಿರಿಯುತ್ತದೆ. ಎಂಟು ಹತ್ತು ದಿನಕ್ಕಾಗುವಷ್ಟನ್ನು ಮಾತ್ರ ಬೀಸಿಸಿ ತಂದರೆ ಗಿರಣಿಯೇ ನಮ್ಮದಾದಂತೆ. ಎಣ್ಣೆಯ ವಿಷಯದಲ್ಲೂ ಹೀಗೆಯೇ: ಶೇಂಗಾವನ್ನೋ ಕುಸುಬಿಯನ್ನೋ ನಾವೇ ಕೊಂಡು ಗಾಣಕ್ಕೆ ಹಾಕಿಸಿಕೊಳ್ಳಬಹುದು. ಒಂದು ಕಿಲೊ ಶೇಂಗಾ ಎಣ್ಣೆಗೆ ಎರಡೂವರೆ ಕಿಲೊದಷ್ಟು ಕಾಳು ಬೇಕಾಗುವುದರಿಂದ ಅಗ್ಗವೇನೂ ಆಗುವುದಿಲ್ಲ, ಆದರೆ ಎಣ್ಣೆ ತೆಗೆದ ಹಿಂಡಿ ನಮಗೇ ಉಳಿಯುತ್ತದೆ.

ಈ ಸೀಮೆಯಲ್ಲಿ ಧಾರಾಳವಾಗಿ ಸಿಗುವ ವಸ್ತುವೆಂದರೆ ಬಿಸಿಲು. ಆದ್ದರಿಂದ ಫ್ರಿಜ್ಜಿನಲ್ಲಿ ತುಂಬಿಡುವುದಕ್ಕಿಂತ ಮಾಳಿಗೆಯ ಮೇಲೆ ಒಣಗಿಸಿಡುವುದು ನಮಗೆ ಸಹಜವಾಗಿ ಒಪ್ಪುವ ದಾರಿ. ಹಪ್ಪಳ, ಸಂಡಿಗೆ, ಕುರುಡಿಗೆ, ಬಾಳಕದ ಮೆಣಸಿನಕಾಯಿ, ಒಣಗಿಸಿದ ಚವಳಿಕಾಯಿ ಇವೆಲ್ಲ ಕರೆಂಟು ಬೇಡದ ದಾಸ್ತಾನು. ಖಡಕ್ ರೊಟ್ಟಿಯನ್ನೂ ಇದಕ್ಕೇ ಸೇರಿಸುತ್ತೇನೆ. ಕೊಪ್ಪಳದ ಗವಿಮಠದ ಜಾತ್ರೆಗೆ ಸುತ್ತಲ ಹಳ್ಳಿಗಳ ಮನೆಗಳಿಂದ ರಾಶಿ ರಾಶಿಯಾಗಿ ರೊಟ್ಟಿ ದಾಸೋಹಕ್ಕೆ ಹೋಗುವುದು ಅದು ಕೆಡದೆ ಉಳಿಯುವ ಗುಣದಿಂದಲೇ.

ಕೈತೋಟ: ಹಿತ್ತಲೋ, ಮಾಳಿಗೆಯೋ

ಮೇ ತಿಂಗಳಲ್ಲಿ ಒಂದು ಚದರ ಮೀಟರ್ ತರಕಾರಿ ಮಡಿಗೆ ದಿನಕ್ಕೆ ಐದಾರು ಲೀಟರ್ ನೀರು ಬೇಕು. 15 ಚದರ ಮೀಟರಿನ ಹಿತ್ತಲ ಮಡಿಗೆ ಅದು 75ರಿಂದ 90 ಲೀಟರ್ ಆಗುತ್ತದೆ. ನಾಲ್ಕು ಜನ ಸ್ನಾನ ಮಾಡಿ ಬಿಡುವ ನೀರೂ ಹೆಚ್ಚು ಕಡಿಮೆ ಅಷ್ಟೇ ಆಗುವುದರಿಂದ ಬಚ್ಚಲ ನೀರು ಎಷ್ಟಿದೆಯೋ ಅಷ್ಟೇ ತೋಟ ಎಂಬ ಅಳತೆಯನ್ನು ನಾನು ಇಟ್ಟುಕೊಂಡಿದ್ದೇನೆ. ಬಚ್ಚಲ ನೀರನ್ನು ಸೊಪ್ಪಿನ ಮಡಿಗಳಿಗೆ ಬಿಡದೆ ನುಗ್ಗೆ, ನಿಂಬೆ, ಪಪ್ಪಾಯಿ, ಬದನೆಗಳ ಬುಡಕ್ಕೆ ಬಿಡಬೇಕು. ಬಟ್ಟೆ ಒಗೆದ ಪುಡಿಯ ನೀರನ್ನು ಮಾತ್ರ ಯಾವ ಗಿಡಕ್ಕೂ ಬಿಡಬಾರದು, ಏಕೆಂದರೆ ಮೊದಲೇ ಕ್ಷಾರದ ಗುಣವಿರುವ ಎರೆಮಣ್ಣು ಸೋಡಾದ ಅಂಶ ಸೇರಿದಂತೆಲ್ಲ ಇನ್ನಷ್ಟು ಗಟ್ಟಿಯಾಗುತ್ತದೆ.

ಮಾಳಿಗೆಯ ಮೇಲಿನ ಕುಂಡಗಳನ್ನು ಪಟ್ಟಣದವರು ಬಹಳ ಇಷ್ಟಪಡುತ್ತಾರೆ. ಬಳ್ಳಾರಿಯ ಬಿಸಿಲಿನಲ್ಲಿ ಆ ಕುಂಡಗಳ ಬೇರು ಬೇಯುತ್ತದೆಂದೇ ಹೇಳಬೇಕು. ದಿನಕ್ಕೆ ಎರಡು ಸಲ ನೀರು ಬೇಕು, ಒಂದು ದಿನ ತಪ್ಪಿದರೆ ಗಿಡ ಒಣಗುತ್ತದೆ. ಹಿತ್ತಲಲ್ಲಿ ಜಾಗವಿದ್ದವರು ಮಾಳಿಗೆಯನ್ನು ಮಳೆನೀರಿಗೆ ಬಿಟ್ಟುಕೊಟ್ಟು ನೆಲದಲ್ಲೇ ಬೆಳೆಯಲಿ. ನೆಲವೇ ಇಲ್ಲದವರು ಹಸಿರು ನೆರಳು ಬಲೆಯ ಕೆಳಗೆ ಹತ್ತು ಕುಂಡಗಳನ್ನು ಮೀರದಂತೆ ನೋಡಿಕೊಳ್ಳಲಿ.

ಹನ್ನೆರಡು ತಿಂಗಳೂ ತರಕಾರಿ ಬೆಳೆಯಬೇಕೆಂಬ ಹಟವನ್ನು ನಾನು ಬಿಟ್ಟ ಮೇಲೆ ತೋಟ ನನಗೆ ಹಗುರವಾಯಿತು. ಮುಂಗಾರಿನಲ್ಲಿ ಪುಂಡಿ, ಚವಳಿ, ಬೆಂಡೆ, ಹೀರೆ. ಚಳಿಗಾಲದಲ್ಲಿ ಮೆಂತ್ಯ, ಸಬ್ಬಸಿಗಿ, ಹಕ್ಕರಕಿ, ಟೊಮೆಟೊ, ಬದನೆ. ಮಾರ್ಚ್ ಮುಗಿಯುತ್ತಲೇ ಮಡಿಗಳಿಗೆ ಕಣಿಕೆಯ ಚೂರು, ಒಣ ಎಲೆ ಹೊದಿಸಿ ನೆಲಕ್ಕೆ ವಿಶ್ರಾಂತಿ ಕೊಡುತ್ತೇನೆ. ಆ ಎರಡು ತಿಂಗಳು ನಮ್ಮನ್ನು ಸಲಹುವುದು ನುಗ್ಗೆಯ ಮರ. ಒಮ್ಮೆ ಬೇರು ಬಿಟ್ಟ ನುಗ್ಗೆ ಸುಡುವ ಬಿಸಿಲಲ್ಲೂ ಕಾಯಿ ಬಿಡುತ್ತದೆ, ಸೊಪ್ಪನ್ನೂ ಕೊಡುತ್ತದೆ. ಒಂದೇ ಒಂದು ಗಿಡ ನೆಡುವಷ್ಟು ಜಾಗವಿದ್ದರೆ ಅದನ್ನೇ ನೆಡಿರಿ.

ಹಾಲು, ಮೊಟ್ಟೆ

ಇಲ್ಲಿ ನನ್ನ ಮಾತು ಕೆಲವರಿಗೆ ಬೇಸರ ತರಬಹುದು. ನಾಲ್ಕು ಜನರ ಮನೆಗೆ ದಿನಕ್ಕೆ ಒಂದೂವರೆ ಲೀಟರ್ ಹಾಲು ಸಾಕು, ಅದಕ್ಕಾಗಿ ಎಮ್ಮೆ ಕಟ್ಟುವುದು ನೀರಿನ ಆಸರೆಯಿಲ್ಲದ ಮನೆಗೆ ತಕ್ಕದ್ದಲ್ಲ. ಎಮ್ಮೆಯ ಕರಿಯ ತೊಗಲು ಬಿಸಿಲನ್ನು ಹೀರುತ್ತದೆ, ಬೆವರಿ ತಣಿಯುವ ಶಕ್ತಿ ಅದಕ್ಕೆ ಕಡಿಮೆ. ಬೇಸಿಗೆಯಲ್ಲಿ ಕುಡಿಯಲು 50 ಲೀಟರಿಗೂ ಹೆಚ್ಚು ನೀರು ಬೇಕು, ಮೈಗೆ ಹಾಕಲು ಬೇರೆ ಬೇಕು. ಹತ್ತು ತಿಂಗಳು ಗಬ್ಬ ಹೊರುವ ಅದು ಈಯುವ ಮುಂಚಿನ ಕೆಲವು ತಿಂಗಳು ಹಾಲು ಬಿಡುವುದೇ ಇಲ್ಲ. ಆದ್ದರಿಂದ ವರ್ಷವಿಡೀ ಹಾಲು ಬೇಕೆಂದರೆ ಒಂದಕ್ಕೆ ಎರಡು ಕಟ್ಟಬೇಕು, ನೀರೂ ಮೇವೂ ಇಮ್ಮಡಿಯಾಗಬೇಕು. ನಾವು ಎರಡು ವರ್ಷ ಎಮ್ಮೆ ಸಾಕಿದೆವು. ಎರಡನೆಯ ಮೇ ತಿಂಗಳಲ್ಲಿ ಮನೆಯವರ ಸ್ನಾನವನ್ನು ಎರಡು ದಿನಕ್ಕೊಮ್ಮೆ ಮಾಡಿಕೊಂಡು ಅದರ ಮೈ ತಂಪಾಗಿಟ್ಟೆವು. ಕಾರಹುಣ್ಣಿಮೆಯ ನಂತರ ಕಾಲುವೆಯ ಬದಿಯ ಊರಿನ ಸಂಬಂಧಿಕರಿಗೆ ಕೊಟ್ಟೆವು. ಆ ಎಮ್ಮೆ ಅಲ್ಲಿ ಸುಖವಾಗಿದೆ, ನಮಗೆ ಅದನ್ನು ನೆನೆದರೆ ಈಗಲೂ ಕರುಳು ಚುರುಕ್ಕೆನ್ನುತ್ತದೆ.

ನಾಟಿ ಆಕಳು ನೀರು, ಮೇವು ಎರಡನ್ನೂ ಕಡಿಮೆ ಬೇಡುತ್ತದೆ, ಹಾಲನ್ನೂ ಕಡಿಮೆ ಕೊಡುತ್ತದೆ. ಹೊಲದ ಕಣಿಕೆ ಮನೆಯಲ್ಲಿದ್ದು, ಸಗಣಿಯ ಗೊಬ್ಬರ ಬೇಕಾದವರಿಗೆ ಅದು ಎಮ್ಮೆಗಿಂತ ಹೊಂದುತ್ತದೆ. ಆಡು ಜಾಲಿಯ ಕಾಯಿ, ಬೇವಿನ ಸೊಪ್ಪು ತಿಂದು ಬದುಕುತ್ತದೆ, ಬೇಸಿಗೆಯನ್ನು ಚೆನ್ನಾಗಿ ತಾಳುತ್ತದೆ. ಆದರೆ ದಿನಕ್ಕೆ ಅರ್ಧ ಲೀಟರಿನ ಆಸುಪಾಸು ಹಾಲು ಕೊಡುವ ಅದನ್ನು ಹಿತ್ತಲ ತೋಟವಿರುವ ಮನೆಯಲ್ಲಿ ಕಟ್ಟಿಹಾಕಿ ಕಾಯುವುದು ಒಬ್ಬರ ಪೂರ್ತಿ ಕೆಲಸ. ಇಷ್ಟೆಲ್ಲ ನೋಡಿದ ಮೇಲೆ ಹಾಲನ್ನು ಊರಿನ ಹಾಲಿನ ಸಂಘದಿಂದಲೋ ಪಕ್ಕದ ಮನೆಯಿಂದಲೋ ಕೊಂಡು, ಮೊಸರು, ಬೆಣ್ಣೆ, ತುಪ್ಪವನ್ನು ಮನೆಯಲ್ಲಿ ಮಾಡಿಕೊಳ್ಳುವುದರಲ್ಲಿ ನಾನು ನೆಮ್ಮದಿ ಕಂಡಿದ್ದೇನೆ.

ಕೋಳಿಯ ವಿಷಯ ಹಗುರವಾದದ್ದು. ಜವಾರಿ ಕೋಳಿ ವರ್ಷಕ್ಕೆ ಅರವತ್ತು ಎಪ್ಪತ್ತು ಮೊಟ್ಟೆ ಇಡುತ್ತದೆ, ತಾನೇ ಕಾವಿಗೆ ಕೂತು ಮರಿ ಮಾಡುತ್ತದೆ, ಅಂಗಳದಲ್ಲಿ ಕೆದಕಿ ತನ್ನ ಹೊಟ್ಟೆಯನ್ನು ಅರ್ಧ ತಾನೇ ತುಂಬಿಕೊಳ್ಳುತ್ತದೆ. ಬೆಂಗಳೂರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಯಾದ ಗಿರಿರಾಜ ಅದರ ಇಮ್ಮಡಿ ಮೊಟ್ಟೆ ಕೊಡುತ್ತದೆಯಾದರೂ ಕಾವಿಗೆ ಕೂರುವ ಗುಣ ಅದರಲ್ಲಿ ಕಡಿಮೆ, ಮರಿಗಾಗಿ ಮತ್ತೆ ಹೊರಗೆ ಹೋಗಬೇಕು. ಸ್ವಾವಲಂಬನೆಯೇ ಗುರಿಯಾದವರಿಗೆ ಜವಾರಿ ಮೇಲು. ಕೊಕ್ಕರೆ ರೋಗದ ಲಸಿಕೆಯನ್ನು ಮಾತ್ರ ತಪ್ಪಿಸಬಾರದು. ಅದು ಬಂದರೆ ಒಂದು ವಾರದಲ್ಲಿ ಗೂಡು ಬರಿದಾಗುತ್ತದೆ.

ಒಲೆಯ ಬೆಂಕಿ

ಗೋಬರ್ ಗ್ಯಾಸಿನ ಬಗ್ಗೆ ಆಸೆ ಇರುವವರು ಮೊದಲು ಕೊಟ್ಟಿಗೆಯನ್ನು ಎಣಿಸಬೇಕು. ಒಂದು ಘನ ಮೀಟರ್ ಅನಿಲಕ್ಕೆ ದಿನಕ್ಕೆ ಸುಮಾರು 25 ಕಿಲೊ ಸಗಣಿ ಬೇಕು, ಅದನ್ನು ಕಲಸಲು ಅಷ್ಟೇ ನೀರು ಬೇಕು. ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುವ ಎರಡು ಮೂರು ದನಗಳಿದ್ದರೆ ಇಷ್ಟು ಸಗಣಿ ಸಿಗುತ್ತದೆ. ಹಗಲು ಹೊರಗೆ ಮೇಯುವ ದನಗಳ ಸಗಣಿ ದಾರಿಯಲ್ಲೇ ಹೋಗುತ್ತದೆ. ಒಂದು ಘನ ಮೀಟರ್ ಅನಿಲವು 430 ಗ್ರಾಂ ಅಡುಗೆ ಅನಿಲಕ್ಕೆ ಸಮನಾಗಿರುವುದರಿಂದ ದಿನಕ್ಕೆ ಅಷ್ಟು ಕೊಡುವ ಚಿಕ್ಕ ಘಟಕವೊಂದು ತಿಂಗಳಿಗೆ 14.2 ಕಿಲೊದ ಒಂದು ಸಿಲಿಂಡರಿನ ಹತ್ತಿರ ಬರುತ್ತದೆ. ಬೇಸಿಗೆಯ ಶಾಖಕ್ಕೆ ಅನಿಲ ಚೆನ್ನಾಗಿಯೇ ಹುಟ್ಟುತ್ತದೆ, ಹೊರಬರುವ ಸ್ಲರಿ ಹೊಲಕ್ಕೆ ಉತ್ತಮ ಗೊಬ್ಬರವಾಗುತ್ತದೆ. ದನವೂ ನೀರೂ ಹೊಲವೂ ಇರುವ ಕಾರಟಗಿ, ಮಾನ್ವಿ ಕಡೆಯ ಕಾಲುವೆಬದಿಯ ಮನೆಗೆ ಇದಕ್ಕಿಂತ ಒಳ್ಳೆಯ ಆಯ್ಕೆ ಇಲ್ಲ. ಇದಕ್ಕಾಗಿಯೇ ದನ ಕೊಳ್ಳುವುದು ಮಾತ್ರ ತಲೆಕೆಳಗಾದ ಲೆಕ್ಕ.

ದನವಿಲ್ಲದವರಿಗೆ ಸಿಲಿಂಡರಿನ ಜೊತೆಗೆ ಎರಡನೆಯ ಒಲೆಯೊಂದು ಇದ್ದರೆ ಸಾಕು. ಬಳ್ಳಾರಿ ಜಾಲಿಯೆಂದು ಪಕ್ಕದ ಜಿಲ್ಲೆಯ ಹೆಸರನ್ನೇ ಹೊತ್ತ ಮುಳ್ಳುಗಿಡದ ಕಟ್ಟಿಗೆ, ತೊಗರಿ ಮತ್ತು ಹತ್ತಿಯ ಕಟ್ಟಿಗೆ ಇಲ್ಲಿ ಕೊಳ್ಳದೆಯೇ ಸಿಗುತ್ತವೆ. ಅವನ್ನು ಮೂರು ಕಲ್ಲಿನ ಒಲೆಯಲ್ಲಿ ಉರಿಸಿದರೆ ಹೊಗೆಯೆಲ್ಲ ಅಡುಗೆ ಮಾಡುವವರ ಎದೆಗೆ ಹೋಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ಕೇಂದ್ರ ರೂಪಿಸಿದ, ಚಿಮಣಿ ಇರುವ ಅಸ್ತ್ರ ಒಲೆಯ ಮಾದರಿಯಲ್ಲಿ ಕಟ್ಟಿಸಿಕೊಂಡರೆ ಕಟ್ಟಿಗೆಯೂ ಉಳಿಯುತ್ತದೆ, ಹೊಗೆಯೂ ಹೊರಗೆ ಹೋಗುತ್ತದೆ. ಸ್ನಾನದ ನೀರಿಗೆ, ಹಬ್ಬದ ದೊಡ್ಡ ಅಡುಗೆಗೆ ನಾವು ಅದನ್ನೇ ಹೊತ್ತಿಸುತ್ತೇವೆ. ಪೆಟ್ಟಿಗೆಯಂಥ ಸೌರ ಒಲೆಯಲ್ಲಿ ಬೇಳೆ, ಅನ್ನ ಎರಡು ಗಂಟೆಯಲ್ಲಿ ಬೇಯುತ್ತವೆ. ರೊಟ್ಟಿಗೆ ಅದು ಬರುವುದಿಲ್ಲ.

ಕರೆಂಟು

ಸೌರ ಫಲಕವನ್ನು ಕೊನೆಗೆ ಇಟ್ಟದ್ದು ಬಿಸಿಲು ಕಡಿಮೆಯೆಂದಲ್ಲ. 2023ರ ಜುಲೈನಿಂದ ನಡೆದಿರುವ ಗೃಹಜ್ಯೋತಿ ಯೋಜನೆಯಲ್ಲಿ, 200 ಯೂನಿಟ್ಟಿನ ಮಿತಿಯೊಳಗೆ ತನ್ನ ಹಳೆಯ ಸರಾಸರಿಯಷ್ಟೇ ಬಳಸುವ ಮನೆಗೆ ಜೆಸ್ಕಾಂನ ವಿದ್ಯುತ್ ಬಿಲ್ಲು ಸೊನ್ನೆ ಬರುತ್ತಿದೆ. ತಿಂಗಳಿಗೆ 80 ಯೂನಿಟ್ ಬಳಸುವ ಅಂಥ ಮನೆ ಫಲಕ ಹಾಕಿಸಿದರೆ ಉಳಿಸಲು ಬಿಲ್ಲೇ ಇರುವುದಿಲ್ಲ. ಕೂಲರು, ಎಸಿ, ಮೋಟರುಗಳಿಂದ 200 ಯೂನಿಟ್ ದಾಟುವ ಮನೆಗೆ ಲೆಕ್ಕ ಬದಲಾಗುತ್ತದೆ: ಎರಡು ಕಿಲೊವ್ಯಾಟ್ ಫಲಕ ದಿನಕ್ಕೆ ಸುಮಾರು 8 ಯೂನಿಟ್ ಕೊಡುತ್ತದೆ, 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಅದಕ್ಕೆ 60,000 ರೂಪಾಯಿ, ಮೂರು ಕಿಲೊವ್ಯಾಟಿಗೆ 78,000 ರೂಪಾಯಿ ಸಹಾಯಧನವಿದೆ. ಆದರೆ ಬ್ಯಾಟರಿಯಿಲ್ಲದೆ ಲೈನಿಗೆ ಜೋಡಿಸಿದ ಫಲಕಗಳು ಲೈನ್ ಹೋದೊಡನೆ ತಾವೂ ನಿಲ್ಲುತ್ತವೆ. ಕಂಬದ ಮೇಲೆ ಕೆಲಸ ಮಾಡುವವರ ಜೀವರಕ್ಷಣೆಗಾಗಿ ಹಾಗೆ ಮಾಡಲಾಗಿದೆ. ಲೋಡ್ ಶೆಡ್ಡಿಂಗಿನಲ್ಲೂ ದೀಪ, ಫ್ಯಾನು ಬೇಕೆನ್ನುವವರು ಚಿಕ್ಕ ಫಲಕಕ್ಕೆ ಬ್ಯಾಟರಿ, ಇನ್ವರ್ಟರ್ ಜೋಡಿಸಿಕೊಳ್ಳುವುದು ಸರಿಯಾದ ದಾರಿ. ಫಲಕದ ಮೇಲೆ ಬಿದ್ದ ಮಳೆಯೂ ಜಾರಿ ತೊಟ್ಟಿಗೇ ಬರುವುದರಿಂದ ಮಾಳಿಗೆ ಎರಡಕ್ಕೂ ಸಾಲುತ್ತದೆ. ನೀರು ಕಾಯಿಸುವ ಸೌರ ಯಂತ್ರವನ್ನು ನಾನು ಶಿಫಾರಸು ಮಾಡುವುದಿಲ್ಲ. ರಾಯಚೂರಿನಲ್ಲಿ ವರ್ಷದ ಅರ್ಧ ಭಾಗ ನಲ್ಲಿಯ ನೀರೇ ಬಿಸಿಯಾಗಿ ಬರುತ್ತದೆ.

ಬಾಡಿಗೆ ಮನೆಯಲ್ಲಿ ಇರುವವರು

ಬಳ್ಳಾರಿ, ರಾಯಚೂರು, ಹೊಸಪೇಟೆಗಳ ಬಾಡಿಗೆ ಮನೆಗಳಲ್ಲಿರುವ ಹೆಣ್ಣುಮಕ್ಕಳು, ನಮಗೆ ಇದರಲ್ಲಿ ಯಾವುದು ಸಾಧ್ಯ ಎಂದು ಕೇಳುತ್ತಾರೆ. ತೊಟ್ಟಿ ಕಟ್ಟಿಸಲು, ಫಲಕ ಹಾಕಿಸಲು ಮನೆಯೊಡೆಯರು ಒಪ್ಪುವುದಿಲ್ಲ. ಮನೆ ಬಿಟ್ಟು ಹೋಗುವಾಗ ಕೊಂಡೊಯ್ಯಬಹುದಾದದ್ದನ್ನೇ ಆರಿಸಬೇಕು. ಸುಗ್ಗಿಯಲ್ಲಿ ಕೊಂಡ ಒಂದೂವರೆ ಕ್ವಿಂಟಾಲ್ ಜೋಳಕ್ಕೆ ಎರಡು ತಗಡಿನ ಡ್ರಮ್ಮು, ವರ್ಷದ ಬೇಳೆಗೆ ನಾಲ್ಕು ಡಬ್ಬಿ, ಕಿಟಕಿಯ ಬಳಿ ಕರಿಬೇವು, ಪುದೀನ, ಮೆಂತ್ಯದ ಕುಂಡಗಳು, ಮಾಳಿಗೆಯ ಕೊಳವೆಯ ಬಾಯಿಗೆ ಇಡುವ 200 ಲೀಟರಿನ ಒಂದು ಪೀಪಾಯಿ, ಇಷ್ಟಕ್ಕೆ ಯಾರ ಅಪ್ಪಣೆಯೂ ಬೇಡ. ಪೀಪಾಯಿಯ ಬಾಯಿಗೆ ಹಳೆಯ ಹತ್ತಿ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಕಟ್ಟಿ, ಒಂದು ಒಳ್ಳೆಯ ಮಳೆ ಮಾಳಿಗೆಯನ್ನು ತೊಳೆದ ಮೇಲೆ ಅದನ್ನು ಕೊಳವೆಯ ಕೆಳಗೆ ಸರಿಸಿಡಿ.